ಕಳ್ಳನಿಗೆ ಊರಿಲ್ಲ, ಠಾಣೆಗೆ ಗಡಿಯಿದೆ

ದುಡ್ಡು ಕಳೆದುಕೊಂಡವರು ಬೆಂಗಳೂರಿನಲ್ಲಿ, ಕರೆ ಮಾಡಿದವನು ಮ್ಯಾನ್ಮಾರ್‌ನಲ್ಲಿ, ಹಣ ಬಿದ್ದ ಖಾತೆ ರಾಜಸ್ಥಾನದಲ್ಲಿ, ಸಾಕ್ಷ್ಯ ಇರುವುದು ಸಾಗರದಾಚೆಯ ಸರ್ವರ್‌ನಲ್ಲಿ. ಇಂಟರ್ನೆಟ್ ಅಪರಾಧವನ್ನು ಹೋಳು ಹೋಳಾಗಿಸಿ ಜಗತ್ತಿಗೆಲ್ಲ ಹರಡಿಬಿಟ್ಟಿದೆ. ಆ ಹೋಳುಗಳನ್ನು ಮತ್ತೆ ಜೋಡಿಸುವುದೇ ಇಂದಿನ ಪೊಲೀಸ್ ತನಿಖೆಯ ಅತಿ ದೊಡ್ಡ ತಲೆನೋವು.

2024ರ ಮಾರ್ಚ್ 1, ಶುಕ್ರವಾರ ಮಧ್ಯಾಹ್ನ. ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಊಟದ ಹೊತ್ತಿಗೆ ಬಾಂಬ್ ಸಿಡಿಯಿತು. ಹಲವರು ಗಾಯಗೊಂಡರು. ಆರು ತಿಂಗಳ ನಂತರ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ನಾಲ್ವರ ಮೇಲೆ ಆರೋಪಪಟ್ಟಿ ಸಲ್ಲಿಸಿತು. ಆರೋಪಿಗಳು ಬಳಸಿದರೆಂದು ಸಂಸ್ಥೆ ಪಟ್ಟಿ ಮಾಡಿದ ಸಾಧನಗಳನ್ನು ನೋಡಿದರೆ ಅದು ಅಂತರ್ಜಾಲದ ಕತ್ತಲ ಲೋಕದ ಅಂಗಡಿ ಸಾಲಿನಂತಿದೆ. ಮೋಸದಿಂದ ಪಡೆದ ಸಿಮ್ ಕಾರ್ಡ್‌ಗಳು, ಡಾರ್ಕ್ ವೆಬ್‌ನಿಂದ ಇಳಿಸಿಕೊಂಡ ಬೇರೆಯವರ ಗುರುತಿನ ದಾಖಲೆಗಳು, ಕ್ರಿಪ್ಟೊ ಕರೆನ್ಸಿಯಲ್ಲಿ ಬಂದ ಹಣ, ಅದನ್ನು ಟೆಲಿಗ್ರಾಂ ಮೂಲಕ ರೂಪಾಯಿಗೆ ಬದಲಿಸಿಕೊಂಡ ವ್ಯವಹಾರ.

ಇಷ್ಟೆಲ್ಲ ಮುಸುಕು ಹೊದ್ದವರ ಸುಳಿವು ಕೊಟ್ಟದ್ದು ಒಂದು ಟೋಪಿ. ಕೆಫೆಗೆ ಬಂದವನು ಹಾಕಿಕೊಂಡಿದ್ದು, ಹೋಗುವ ದಾರಿಯಲ್ಲಿ ಬಿಟ್ಟುಹೋದದ್ದು. ಅದು ಮಾರಾಟವಾದ ಚೆನ್ನೈನ ಮಾಲ್‌ವರೆಗೂ ತನಿಖೆಯ ಜಾಡು ಹಿಂದಕ್ಕೆ ಸಾಗಿತು. ಏಪ್ರಿಲ್ 12ರಂದು ಪಶ್ಚಿಮ ಬಂಗಾಳದಲ್ಲಿ ಮುಖ್ಯ ಆರೋಪಿಗಳ ಬಂಧನವಾಯಿತು.

ಬಾಂಬ್ ಇಡಬೇಕಾದರೆ ಯಾರಾದರೂ ಕೆಫೆಯ ಬಾಗಿಲು ದಾಟಿ ಬರಲೇಬೇಕು. ಬಸ್ಸು ಹತ್ತಬೇಕು, ಕ್ಯಾಮೆರಾ ಕಣ್ಣಿಗೆ ಬೀಳಬೇಕು, ಬೆವರಬೇಕು, ಟೋಪಿ ತೆಗೆಯಬೇಕು. ಆ ಒಂದು ಘಳಿಗೆಯಲ್ಲಿ ಅಪರಾಧ ನೆಲಕ್ಕೆ ತಾಗುತ್ತದೆ. ಅಲ್ಲಿ ಪೊಲೀಸರ ಹಳೆಯ ವಿದ್ಯೆ ಕೆಲಸ ಮಾಡುತ್ತದೆ. ಹಾಗಾದರೆ ಯಾರೂ ಬಾಗಿಲಿಗೆ ಬಾರದೆಯೇ ನಡೆಯುವ ಅಪರಾಧದ ಕತೆಯೇನು?

ಬೀಗ ಮುರಿಯದ ಕಳ್ಳತನ

ಬೆಂಗಳೂರಿನ ಮಹಿಳೆಯೊಬ್ಬರಿಗೆ 2024ರ ಸೆಪ್ಟೆಂಬರ್‌ನಲ್ಲಿ ಕೊರಿಯರ್ ಕಂಪನಿಯ ಹೆಸರಿನಲ್ಲಿ ಒಂದು ಕರೆ ಬಂತು. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದರು. ಕರೆ ‘ಸಿಬಿಐ’ಗೆ ವರ್ಗವಾಯಿತು. ಮುಂದಿನ ತಿಂಗಳುಗಳಲ್ಲಿ ಆಕೆ ವಿಡಿಯೊ ಕರೆಯ ಕಣ್ಗಾವಲಿನಲ್ಲೇ ಬದುಕಿದರು. ಠೇವಣಿ ಮುರಿದರು, ಉಳಿತಾಯ ಬರಿದು ಮಾಡಿದರು, ‘ಪರಿಶೀಲನೆಗಾಗಿ’ ಎಂದು 187 ಬಾರಿ ಹಣ ವರ್ಗಾಯಿಸಿದರು. ಹೋದದ್ದು 31.83 ಕೋಟಿ ರೂಪಾಯಿ. ಪೊಲೀಸರ ಬಳಿ ದೂರು ದಾಖಲಾದದ್ದು 2025ರ ನವೆಂಬರ್‌ನಲ್ಲಿ.

ಇಷ್ಟು ಮೊತ್ತವನ್ನು ನೋಟಿನ ರೂಪದಲ್ಲಿ ದೋಚುವುದಾಗಿದ್ದರೆ ಒಂದು ತಂಡ ಬೇಕಿತ್ತು, ವಾಹನ ಬೇಕಿತ್ತು, ಹತಾರ ಬೇಕಿತ್ತು. ಇಲ್ಲಿ ಬೀಗ ಮುರಿದಿಲ್ಲ, ಬಾಗಿಲು ತಟ್ಟಿಲ್ಲ. ಹಣವನ್ನು ಕಳುಹಿಸಿದ್ದು ಸ್ವತಃ ಅದರ ಒಡತಿ, ಸ್ವಂತ ಪಾಸ್‌ವರ್ಡ್ ಹಾಕಿ.

ಆಕೆ ಸಿಲುಕಿದ ಈ ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೇ ಇದನ್ನು ಹೇಳಬೇಕಾಯಿತು. ಆದರೂ ಆ ಬಲೆ ಹರಿದಿಲ್ಲ. ಅದರಲ್ಲಿ ತಂತ್ರಜ್ಞಾನದ ಪಾಲು ಕಡಿಮೆ, ನಾಟಕದ ಪಾಲು ಹೆಚ್ಚು. ಹಿಂದೆ ಪೊಲೀಸ್ ಲಾಂಛನದ ಪರದೆ, ಮೈಮೇಲೆ ಖಾಕಿ, ವಾಕಿಟಾಕಿಯ ಸದ್ದು, ವಾಟ್ಸ್‌ಆ್ಯಪ್‌ನಲ್ಲಿ ಬರುವ ಮೊಹರು ಹಾಕಿದ ‘ವಾರಂಟ್’. ಮೊದಲು ಬೆದರಿಸುವವನು ಒಬ್ಬ, ಆಮೇಲೆ ‘ನಿಮ್ಮನ್ನು ಕಾಪಾಡುತ್ತೇನೆ’ ಎನ್ನುವವನು ಇನ್ನೊಬ್ಬ. ಮನೆಯವರಿಗೆ ಹೇಳಿದರೆ ಅವರೂ ಜೈಲಿಗೆ ಎಂಬ ಎಚ್ಚರಿಕೆ. ಕ್ಯಾಮೆರಾ ಆಫ್ ಮಾಡಬಾರದು, ಫೋನ್ ಚಾರ್ಜಿನಲ್ಲೇ ಇರಬೇಕು. ಸಿಕ್ಕಿಬಿದ್ದವರನ್ನು ಸುತ್ತಲಿನವರಿಂದ ಬೇರ್ಪಡಿಸುವುದರಲ್ಲೇ ಈ ಆಟದ ಗೆಲುವಿದೆ. ಪಕ್ಕದ ಮನೆಯವರು ಒಮ್ಮೆ ಬಂದು ‘ಏನ್ರೀ ಸಮಾಚಾರ’ ಎಂದು ಕೇಳಿದರೂ ನಾಟಕ ಮುಗಿದುಹೋಗುತ್ತಿತ್ತು.

ಇದಕ್ಕೆ ಪ್ರಾಣವೂ ಬಲಿಯಾಗಿದೆ. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರ ವೃದ್ಧ ದಂಪತಿ ಇಂಥದೇ ಕಿರುಕುಳಕ್ಕೆ ಬೆಂದು ಜೀವ ಕಳೆದುಕೊಂಡರು.

ಅಂಕಿಗಳನ್ನು ನೋಡಿ. ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಮಾಹಿತಿಯಂತೆ ಸೈಬರ್ ವಂಚನೆಯಿಂದ ದೇಶದ ಜನ 2023ರಲ್ಲಿ ಕಳೆದುಕೊಂಡದ್ದು 7,465 ಕೋಟಿ ರೂಪಾಯಿ. 2024ರಲ್ಲಿ ಅದು 22,845 ಕೋಟಿಗೆ ಜಿಗಿಯಿತು. ಒಂದೇ ವರ್ಷದಲ್ಲಿ ಮೂರು ಪಟ್ಟು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2023ರಲ್ಲಿ ದೇಶದಲ್ಲಿ ದಾಖಲಾದ 86,420 ಸೈಬರ್ ಪ್ರಕರಣಗಳಲ್ಲಿ 21,889 ಕರ್ನಾಟಕದವು. ರಾಜ್ಯಗಳ ಸಾಲಿನಲ್ಲಿ ನಮ್ಮದೇ ಮೊದಲ ಸ್ಥಾನ. ಅದರಲ್ಲೂ 17,631 ಪ್ರಕರಣಗಳು ಬೆಂಗಳೂರು ನಗರವೊಂದರಲ್ಲೇ ದಾಖಲಾದವು. ಇಲ್ಲಿ ದೂರು ಕೊಡುವವರೂ ಹೆಚ್ಚು, ಎಫ್‌ಐಆರ್ ಮಾಡಿಕೊಳ್ಳುವ ಠಾಣೆಗಳೂ ಹೆಚ್ಚು ಎಂಬುದನ್ನು ಮರೆಯಬಾರದು. ಆದರೂ ಐ.ಟಿ. ರಾಜಧಾನಿಗೆ ಇದು ಹೆಮ್ಮೆಯ ಪದಕವಂತೂ ಅಲ್ಲ.

ಗುತ್ತಿಗೆಗೆ ಸಿಗುವ ಅಪರಾಧ

ಹಿಂದೆ ವಂಚಕ ಎಂದರೆ ಒಬ್ಬ ಮನುಷ್ಯ. ಯೋಜನೆ ಅವನದು, ಮಾತು ಅವನದು, ದುಡ್ಡು ಅವನ ಜೇಬಿಗೆ. ಇಂಟರ್ನೆಟ್ ಈ ಕಸುಬನ್ನು ಬಿಡಿ ಬಿಡಿ ಗುತ್ತಿಗೆಗಳಾಗಿ ಒಡೆದಿದೆ. ಹೆಸರು, ಮೊಬೈಲ್ ಸಂಖ್ಯೆ, ಬ್ಯಾಂಕ್ ವಿವರಗಳ ಪಟ್ಟಿ ಮಾರುವವನು ಬೇರೆ. ಬೇರೆಯವರ ಹೆಸರಿನ ಸಿಮ್ ಒದಗಿಸುವವನು ಬೇರೆ. ನಕಲಿ ಷೇರು ಆ್ಯಪ್ ತಯಾರಿಸಿಕೊಡುವವನು ಬೇರೆ. ಫೋನಿನಲ್ಲಿ ಮಾತಾಡುವವನು, ಖಾತೆ ಹೊಂದಿಸುವವನು, ಕೊನೆಗೆ ಹಣವನ್ನು ಕ್ರಿಪ್ಟೊಗೆ ತಿರುಗಿಸುವವನು, ಎಲ್ಲರೂ ಬೇರೆ ಬೇರೆ. ಬಹುಪಾಲು ಇವರು ಒಬ್ಬರನ್ನೊಬ್ಬರು ನೋಡಿಯೇ ಇರುವುದಿಲ್ಲ. ಟೆಲಿಗ್ರಾಂ ಗುಂಪಿನಲ್ಲಿ ಒಂದು ಅಡ್ಡಹೆಸರು, ಅಷ್ಟೇ ಪರಿಚಯ. ಒಬ್ಬನನ್ನು ಹಿಡಿದರೆ ಅವನಿಗೆ ಮುಂದಿನವನ ನಿಜವಾದ ಹೆಸರು ಗೊತ್ತಿರುವುದಿಲ್ಲ.

ಸಿಮ್ ಬಾಕ್ಸ್ ಎಂಬ ಪೆಟ್ಟಿಗೆಯನ್ನೇ ನೋಡಿ. ನೋಡಲು ವೈ-ಫೈ ರೂಟರ್‌ನ ದೊಡ್ಡಣ್ಣ. ಮುಂಭಾಗದಲ್ಲಿ ಸಾಲು ಸಾಲು ಆಂಟೆನಾ, ಹಿಂದೆ ಹತ್ತಾರು ಸಿಮ್ ಕೂರಿಸುವ ಗೂಡುಗಳು. ವಿದೇಶದಿಂದ ಇಂಟರ್ನೆಟ್ ಮೂಲಕ ಬಂದ ಕರೆ ಈ ಪೆಟ್ಟಿಗೆಯೊಳಗೆ ಹೊಕ್ಕು, ಸ್ಥಳೀಯ ಸಿಮ್‌ನಿಂದ ಹೊರಟ ಸಾದಾ ಕರೆಯ ವೇಷದಲ್ಲಿ ಆಚೆ ಬರುತ್ತದೆ. ನಿಮ್ಮ ಫೋನಿನಲ್ಲಿ ಕಾಣುವುದು ಪ್ಲಸ್ 91ರ ಹತ್ತಂಕಿಯ ಸಂಖ್ಯೆ. 2021ರ ಜೂನ್‌ನಲ್ಲಿ ಸೇನಾ ಗುಪ್ತಚರ ವಿಭಾಗದ ಸುಳಿವಿನ ಮೇರೆಗೆ ಬೆಂಗಳೂರಿನಲ್ಲಿ ನಡೆದ ದಾಳಿಯಲ್ಲಿ ಇಂಥ 30 ಪೆಟ್ಟಿಗೆಗಳು ಸಿಕ್ಕವು. ಏಕಕಾಲಕ್ಕೆ 960 ಸಿಮ್‌ಗಳನ್ನು ನಡೆಸುವ ಸಾಮರ್ಥ್ಯ ಅವಕ್ಕಿತ್ತು. ಬಾಡಿಗೆ ಕೋಣೆಯೊಂದರಲ್ಲಿ ನಿಲ್ಲದೆ ಓಡುವ ಫ್ಯಾನ್, ಕರೆಂಟು, ಇಂಟರ್ನೆಟ್ ಇಷ್ಟಿದ್ದರೆ ಒಂದು ಕಳ್ಳ ಟೆಲಿಫೋನ್ ಎಕ್ಸ್‌ಚೇಂಜ್ ತಯಾರು.

ಈಗ ಕೃತಕ ಬುದ್ಧಿಮತ್ತೆಯೂ ಈ ಗುತ್ತಿಗೆದಾರರ ಸಾಲಿಗೆ ಸೇರಿದೆ. ಇನ್ಫೊಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿ ಅವರ ಮುಖ, ದನಿ ಎರಡನ್ನೂ ಕದ್ದು ‘ಈ ಆ್ಯಪ್‌ನಲ್ಲಿ ಹಣ ಹೂಡಿ’ ಎನ್ನುವ ವಿಡಿಯೊಗಳು ಹರಿದಾಡಿದಾಗ, ತಾನು ಅಂಥ ಯಾವುದನ್ನೂ ಹೇಳಿಲ್ಲವೆಂದು ಅವರೇ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಬೇಕಾಯಿತು. ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖ ಅಂಟಿಸಿದ ನಕಲಿ ವಿಡಿಯೊ ದೇಶವನ್ನೇ ಬೆಚ್ಚಿಬೀಳಿಸಿತ್ತು. ಅದರ ಕರ್ತೃವನ್ನು 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರಪ್ರದೇಶದಲ್ಲಿ ಬಂಧಿಸಿದರು. ನೂರಾರು ಸಾಮಾಜಿಕ ಜಾಲತಾಣ ಖಾತೆಗಳನ್ನು ಜಾಲಾಡಿದ ಮೇಲೆ ಗೊತ್ತಾದದ್ದು ಇಷ್ಟು: ಅವನು ನಟಿಯ ಅಭಿಮಾನಿ ಪುಟ ನಡೆಸುತ್ತಿದ್ದ, ಅದರ ಹಿಂಬಾಲಕರನ್ನು ಹೆಚ್ಚಿಸಿಕೊಳ್ಳಲು ಈ ಕೆಲಸ ಮಾಡಿದ್ದ.

ಜಾಮ್ತಾರಾದಿಂದ ಮ್ಯಾವಡ್ಡಿಗೆ

ಹತ್ತು ವರ್ಷದ ಹಿಂದೆ ಸೈಬರ್ ವಂಚನೆ ಎಂದರೆ ಜಾರ್ಖಂಡ್‌ನ ಜಾಮ್ತಾರಾ. ‘ನಿಮ್ಮ ಎಟಿಎಂ ಕಾರ್ಡ್ ಬ್ಲಾಕ್ ಆಗಿದೆ’ ಎಂಬ ಕರೆ, ಒಟಿಪಿ ಕೇಳುವ ಹುಡುಗರು. ಆಮೇಲೆ ಹರಿಯಾಣದ ನೂಹ್, ರಾಜಸ್ಥಾನದ ಭರತಪುರಗಳ ಹೆಸರು ಕೇಳಿಬಂತು. 2023ರ ಜುಲೈ 31ರಂದು ನೂಹ್‌ನಲ್ಲಿ ಗಲಭೆ ಭುಗಿಲೆದ್ದಾಗ ಗುಂಪು ಅಲ್ಲಿನ ಸೈಬರ್ ಠಾಣೆಯ ಮೇಲೂ ದಾಳಿ ಮಾಡಿತ್ತು. ಇವೆಲ್ಲ ದೂರವಾದರೂ ದೇಶದೊಳಗಿನ ಜಾಗಗಳು. ಕರ್ನಾಟಕದ ಪೊಲೀಸರು ರೈಲು ಹತ್ತಿ ಹೋಗಿ, ಸ್ಥಳೀಯ ಠಾಣೆಯ ಸಹಾಯ ಪಡೆದು, ಆರೋಪಿಯನ್ನು ಹಿಡಿದು ತರುವುದು ಕಷ್ಟವಾದರೂ ಸಾಧ್ಯವಿತ್ತು.

ಈಗ ದಂಧೆಯ ದೊಡ್ಡ ತಲೆಗಳು ಗಡಿ ದಾಟಿವೆ. ಥಾಯ್ಲೆಂಡ್‌ನ ಮೇ ಸೋಟ್ ಪಟ್ಟಣದ ಎದುರು, ಮೊಯಿ ನದಿಯ ಆಚೆ ದಡದಲ್ಲಿ ಮ್ಯಾನ್ಮಾರ್‌ನ ಮ್ಯಾವಡ್ಡಿ ಇದೆ. ಅಲ್ಲಿನ ವಂಚನೆಯ ಆವರಣಗಳಲ್ಲಿ ಎತ್ತರದ ಗೋಡೆ, ತಂತಿಬೇಲಿ, ಬಂದೂಕು ಹಿಡಿದ ಕಾವಲು. ಒಳಗೆ ಸಾಲು ಸಾಲು ಕಂಪ್ಯೂಟರ್. ‘ಡೇಟಾ ಎಂಟ್ರಿ ಕೆಲಸ, ಡಾಲರ್ ಸಂಬಳ’ ಎಂಬ ಜಾಹೀರಾತು ನಂಬಿ ಬ್ಯಾಂಕಾಕ್‌ಗೆ ವಿಮಾನ ಹತ್ತಿದವರು ಅಲ್ಲಿ ಬಂದಿಗಳು. ಪಾಸ್‌ಪೋರ್ಟ್ ಕಸಿದುಕೊಂಡು, ದಿನಕ್ಕೆ ಇಷ್ಟು ಜನರನ್ನು ಬಲೆಗೆ ಕೆಡವಬೇಕೆಂಬ ಗುರಿ ಕೊಟ್ಟು, ತಪ್ಪಿದರೆ ಹೊಡೆತ. 2023ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಅಂದಾಜು ಮಾಡಿದಂತೆ ಮ್ಯಾನ್ಮಾರ್‌ನಲ್ಲಿ ಕನಿಷ್ಠ 1.2 ಲಕ್ಷ, ಕಾಂಬೋಡಿಯಾದಲ್ಲಿ ಸುಮಾರು 1 ಲಕ್ಷ ಜನ ಹೀಗೆ ಬಲವಂತದ ವಂಚಕರಾಗಿದ್ದರು. 2025ರ ಮಾರ್ಚ್‌ನಲ್ಲಿ ಭಾರತ ಎರಡು ವಾಯುಪಡೆ ವಿಮಾನಗಳಲ್ಲಿ 549 ಮಂದಿಯನ್ನು ಅಲ್ಲಿಂದ ಕರೆತಂದಿತು. ಆಗ್ನೇಯ ಏಷ್ಯಾದ ಈ ಬಲೆಗೆ ಕರ್ನಾಟಕದ ಯುವಕರೂ ಬಿದ್ದಿದ್ದಾರೆ.

ತನಿಖಾಧಿಕಾರಿಗೆ ಇದು ನುಂಗಲಾರದ ತುತ್ತು. ಕರೆ ಮಾಡಿದ ಕೈ ಸಿಕ್ಕರೂ ಆ ಕೈ ಅಪರಾಧಿಯದೋ ಗುಲಾಮನದೋ? ದುಡ್ಡು ಕಳೆದುಕೊಂಡ ಬೆಂಗಳೂರಿನ ನಿವೃತ್ತ ನೌಕರ, ಅವರನ್ನು ಹೆದರಿಸಿದ ಹುಡುಗ, ಇಬ್ಬರೂ ಒಬ್ಬನೇ ಧಣಿಯ ಬಲಿಪಶುಗಳಾಗಿರಬಹುದು. ಆ ಧಣಿ ಎಷ್ಟು ದೊಡ್ಡವನಿರಬಹುದು ಎಂಬುದಕ್ಕೆ ಒಂದೇ ನಿದರ್ಶನ ಸಾಕು. 2025ರ ಅಕ್ಟೋಬರ್‌ನಲ್ಲಿ ಅಮೆರಿಕವು ಕಾಂಬೋಡಿಯಾ ಮೂಲದ ಪ್ರಿನ್ಸ್ ಗ್ರೂಪ್ ಮುಖ್ಯಸ್ಥನ ಮೇಲೆ ಮೊಕದ್ದಮೆ ಹೂಡಿ, ಮುಟ್ಟುಗೋಲಿಗೆ ಕೋರಿದ ಬಿಟ್‌ಕಾಯಿನ್‌ಗಳ ಬೆಲೆ ಸುಮಾರು 15 ಶತಕೋಟಿ ಡಾಲರ್.

ಹಣ ಓಡುವ ವೇಗ

ಈ ಅಪರಾಧದ ಜೀವಾಳ ‘ಮ್ಯೂಲ್’ ಖಾತೆ. ಬೇರೆಯವರ ಪಾಪದ ಹೊರೆ ಹೊರುವ ಬಾಡಿಗೆ ಬ್ಯಾಂಕ್ ಖಾತೆ. ವಿದ್ಯಾರ್ಥಿ, ಕೂಲಿ ಕಾರ್ಮಿಕ, ಸಾಲದಲ್ಲಿ ಮುಳುಗಿದ ಸಣ್ಣ ವ್ಯಾಪಾರಿ, ಹೀಗೆ ಯಾರದೋ ಹೆಸರಿನಲ್ಲಿ ತೆರೆದದ್ದು. ಪಾಸ್‌ಬುಕ್, ಎಟಿಎಂ ಕಾರ್ಡ್, ಚೆಕ್‌ಬುಕ್, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್, ಖಾತೆಗೆ ಜೋಡಿಸಿದ ಸಿಮ್ ಎಲ್ಲವನ್ನೂ ಒಂದು ಕವರ್‌ನಲ್ಲಿ ಹಾಕಿ ಮಾರುತ್ತಾರೆ. ದೊಡ್ಡ ಮೊತ್ತಕ್ಕೆ ಉಳಿತಾಯ ಖಾತೆ ಸಾಲದು. ಆಗ ಕಾಗದದ ಮೇಲಷ್ಟೇ ಇರುವ ಕಂಪನಿಯ ಹೆಸರಿನಲ್ಲಿ ಚಾಲ್ತಿ ಖಾತೆ ಬೇಕು. ಬೇಲಿಯೇ ಹೊಲ ಮೇಯ್ದ ಉದಾಹರಣೆಗಳೂ ಇವೆ. 2024ರಲ್ಲಿ ಬೆಂಗಳೂರು ಪೊಲೀಸರು ನಕಲಿ ಷೇರು ಹೂಡಿಕೆ ಜಾಲವೊಂದರ ತನಿಖೆಯಲ್ಲಿ ಖಾಸಗಿ ಬ್ಯಾಂಕ್ ಶಾಖೆಯೊಂದರ ಮ್ಯಾನೇಜರನ್ನೇ ಬಂಧಿಸಿದ್ದರು.

ಹಣದ ಓಟ ಹೇಗಿರುತ್ತದೆ? ಕಳೆದುಕೊಂಡವರ ಖಾತೆಯಿಂದ 10 ಲಕ್ಷ ಹೊರಟಿತೆನ್ನಿ. ಅದು ಬಿದ್ದ ಖಾತೆ ಮೊದಲ ಪದರ. ನಿಮಿಷಗಳಲ್ಲಿ ಅಲ್ಲಿಂದ ಏಳೆಂಟು ಖಾತೆಗಳಿಗೆ ಚೂರಾಗಿ ಹೋದರೆ ಎರಡನೇ ಪದರ. ಅಲ್ಲಿಂದ ಇನ್ನಷ್ಟು ಚೂರುಗಳು, ಬೇರೆ ಬ್ಯಾಂಕು, ಬೇರೆ ರಾಜ್ಯ. ನಾಲ್ಕೈದನೇ ಪದರದ ಹೊತ್ತಿಗೆ ಒಂದು ಚೂರು ಎಟಿಎಂನಿಂದ ನಗದಾಗಿ ಹೊರಬಂದಿರುತ್ತದೆ. ಇನ್ನೊಂದು ಚೂರು ಡಾಲರ್ ಮೌಲ್ಯಕ್ಕೆ ಕಟ್ಟಿದ ಯುಎಸ್‌ಡಿಟಿ ಎಂಬ ಕ್ರಿಪ್ಟೊ ಆಗಿ ದೇಶ ಬಿಟ್ಟಿರುತ್ತದೆ. ಇಷ್ಟಕ್ಕೆಲ್ಲ ಒಂದು ಮಧ್ಯಾಹ್ನ ಬೇಕಿಲ್ಲ.

ಇದಕ್ಕೆದುರಾಗಿ ಪೊಲೀಸರ ಹಳೆಯ ಕ್ರಮ ಏನಿತ್ತು? ದೂರು, ಎಫ್‌ಐಆರ್, ಬ್ಯಾಂಕಿಗೆ ನೋಟಿಸ್, ಉತ್ತರಕ್ಕೆ ಕಾಯುವುದು, ಎರಡನೇ ಪದರದ ಬ್ಯಾಂಕಿಗೆ ಮತ್ತೆ ನೋಟಿಸ್. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಈ ಕ್ರಮವನ್ನು ತಿರುವುಮುರುವು ಮಾಡಿದ ಮೊದಲಿಗರಲ್ಲಿ ಬೆಂಗಳೂರು ಪೊಲೀಸರೂ ಇದ್ದಾರೆ. 2020ರ ಡಿಸೆಂಬರ್‌ನಲ್ಲಿ ಅವರು 112ಕ್ಕೆ ಕರೆ ಮಾಡಿದ ಕೂಡಲೇ, ಎಫ್‌ಐಆರ್‌ಗೂ ಮೊದಲೇ ಬ್ಯಾಂಕಿಗೆ ತಿಳಿಸಿ ಹಣ ತಡೆಹಿಡಿಯುವ ವ್ಯವಸ್ಥೆ ತಂದರು. 2021ರಲ್ಲಿ ಕೇಂದ್ರ ಗೃಹ ಸಚಿವಾಲಯದ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರ ಇದೇ ತತ್ವದ ಮೇಲೆ ದೇಶವ್ಯಾಪಿ ಜಾಲ ಕಟ್ಟಿತು. ಅದರ ಸಹಾಯವಾಣಿಯೇ ಇಂದಿನ 1930. ಈ ಸಂಖ್ಯೆಗೆ ಬಂದ ದೂರು ಬ್ಯಾಂಕುಗಳ ನಡುವೆ ಪದರದಿಂದ ಪದರಕ್ಕೆ ಹಣವನ್ನು ಬೆನ್ನಟ್ಟುತ್ತದೆ. 2025ರ ಮಧ್ಯದ ಹೊತ್ತಿಗೆ 17.82 ಲಕ್ಷ ದೂರುಗಳಲ್ಲಿ 5,489 ಕೋಟಿ ರೂಪಾಯಿ ಹೀಗೆ ಉಳಿದಿತ್ತು. ಕಳೆದದ್ದರ ಮುಂದೆ ಇದು ಸಣ್ಣ ಪಾಲು. ಆದರೂ ತನಿಖೆ ಗೆಲ್ಲುವುದು ಎಲ್ಲಿ ಎಂಬುದನ್ನು ಇದು ತೋರಿಸಿಕೊಟ್ಟಿತು.

ಅರೆಬರೆ ಸುಳಿವು

ಸಿನಿಮಾದಲ್ಲಿ ಐಪಿ ವಿಳಾಸ ಸಿಕ್ಕಿತೆಂದರೆ ಮುಂದಿನ ದೃಶ್ಯದಲ್ಲೇ ಬಾಗಿಲು ಒಡೆಯುತ್ತಾರೆ. ನಿಜದಲ್ಲಿ ಕೆಲಸ ಆಗಷ್ಟೇ ಶುರು. ಐಪಿ ವಿಳಾಸಗಳ ಕೊರತೆಯಿಂದಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಏಕಕಾಲಕ್ಕೆ ನೂರಾರು, ಸಾವಿರಾರು ಚಂದಾದಾರರಿಗೆ ಹಂಚುತ್ತವೆ. ಅವರಲ್ಲಿ ಒಬ್ಬನನ್ನು ಬೇರ್ಪಡಿಸಲು ಐಪಿ ಜೊತೆಗೆ ಪೋರ್ಟ್ ಸಂಖ್ಯೆ ಬೇಕು, ಸೆಕೆಂಡಿನ ನಿಖರತೆಯ ಸಮಯವೂ ಬೇಕು. ಬಹಳಷ್ಟು ಜಾಲತಾಣಗಳು ಪೋರ್ಟ್ ಸಂಖ್ಯೆಯನ್ನು ದಾಖಲಿಸಿಯೇ ಇರುವುದಿಲ್ಲ. ಸಮಯದಲ್ಲೂ ಎಡವಟ್ಟು. ವಿದೇಶಿ ಕಂಪನಿ ಕೊಡುವ ದಾಖಲೆ ಜಾಗತಿಕ ಸಮಯದಲ್ಲಿರುತ್ತದೆ, ನಮ್ಮ ಗಡಿಯಾರಕ್ಕಿಂತ 5 ಗಂಟೆ 30 ನಿಮಿಷ ಹಿಂದೆ. ಅದನ್ನು ಹೊಂದಿಸದೆ ಮೊಬೈಲ್ ಕಂಪನಿಗೆ ಬರೆದರೆ ಬರುವುದು ಸಂಬಂಧವೇ ಇಲ್ಲದ ಯಾರದೋ ಹೆಸರು, ಯಾರದೋ ವಿಳಾಸ.

ಅಸಲಿ ವಿಳಾಸ ಮರೆಮಾಚುವ ವಿಪಿಎನ್ ಬಳಸಿದರಂತೂ ಕಾಣುವ ವಿಳಾಸವೇ ಬೇರೆ ದೇಶದ್ದು. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್, ವಿಪಿಎನ್ ಕಂಪನಿಗಳು ಗ್ರಾಹಕರ ವಿವರಗಳನ್ನು ಐದು ವರ್ಷ ಕಾಯ್ದಿಡಬೇಕೆಂದು ಆದೇಶಿಸಿತು. ಹಲವು ದೊಡ್ಡ ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನೇ ಕಿತ್ತುಕೊಂಡು ಹೊರಟವು, ಸೇವೆಯನ್ನು ಹೊರಗಿನಿಂದ ಮುಂದುವರಿಸಿದವು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಆಟ.

2023ರ ಡಿಸೆಂಬರ್ 1ರ ಬೆಳಿಗ್ಗೆ ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂದದ್ದು ಪೋಷಕರಿಗೆ ಇನ್ನೂ ನೆನಪಿದೆ. ಗೇಟಿನ ಮುಂದೆ ನೂಕುನುಗ್ಗಲು, ಶ್ವಾನದಳದ ಓಡಾಟ, ಕೊನೆಗೆ ಹುಸಿ ಎಂಬ ನಿಟ್ಟುಸಿರು. ಒಂದು ಇ-ಮೇಲ್ ಕಳಿಸಲು ಖರ್ಚು ಶೂನ್ಯ. ಅದಕ್ಕೆ ಉತ್ತರವಾಗಿ ಇಡೀ ನಗರದ ಪೊಲೀಸರು ಬೀದಿಗಿಳಿಯಬೇಕು.

ಆದರೆ ಇಂಥವರೂ ಸಿಕ್ಕಿಬೀಳುತ್ತಾರೆ. 2025ರ ಜೂನ್‌ನಲ್ಲಿ ಅಹಮದಾಬಾದ್ ಪೊಲೀಸರು ಚೆನ್ನೈನ ಎಂಜಿನಿಯರ್ ಒಬ್ಬರನ್ನು ಬಂಧಿಸಿದರು. ಹಲವು ರಾಜ್ಯಗಳಿಗೆ ಹುಸಿ ಬಾಂಬ್ ಇ-ಮೇಲ್ ಕಳಿಸಿದ ಆರೋಪ ಅವರ ಮೇಲಿತ್ತು. ವಿಪಿಎನ್, ಬಾಡಿಗೆ ಸಂಖ್ಯೆ, ನಕಲಿ ಹೆಸರಿನ ಖಾತೆ ಎಲ್ಲವನ್ನೂ ಬಳಸಿದ್ದರೂ ಒಂದೇ ಸಾಧನದಲ್ಲಿ ಅಸಲಿ ಖಾತೆಯನ್ನೂ ನಕಲಿ ಖಾತೆಯನ್ನೂ ತೆರೆದದ್ದೇ ಮುಳುವಾಯಿತು ಎಂದು ಪೊಲೀಸರು ಹೇಳಿದ್ದಾರೆ. ತಂತ್ರಜ್ಞಾನ ಎಷ್ಟೇ ಜಾಣವಾಗಿರಲಿ, ಅದನ್ನು ಬಳಸುವ ಮನುಷ್ಯ ಒಂದಲ್ಲ ಒಂದು ದಿನ ಸೋಮಾರಿಯಾಗುತ್ತಾನೆ.

ಸಿಕ್ಕ ಸಾಕ್ಷ್ಯ ನಿಲ್ಲಬೇಕಲ್ಲ

ಆರೋಪಿಯನ್ನು ಹಿಡಿದ ಮಾತ್ರಕ್ಕೆ ಗೆದ್ದಂತಲ್ಲ. ಚಾಕುವನ್ನು ಚೀಲದಲ್ಲಿ ಹಾಕಿ ಮೊಹರು ಮಾಡಬಹುದು. ಮೊಬೈಲ್ ಹಾಗಲ್ಲ. ಜಪ್ತಿ ಮಾಡಿದ ಫೋನ್ ನೆಟ್‌ವರ್ಕ್‌ಗೆ ಅಂಟಿಕೊಂಡಿದ್ದರೆ ಅದರ ಒಡೆಯನ ಗೆಳೆಯ ದೂರದಿಂದಲೇ ಎಲ್ಲವನ್ನೂ ಅಳಿಸಬಲ್ಲ. ಠಾಣೆಯಲ್ಲಿ ಯಾರಾದರೂ ಕುತೂಹಲಕ್ಕೆ ಕಂಪ್ಯೂಟರ್ ಆನ್ ಮಾಡಿದರೂ ಕಡತಗಳ ದಿನಾಂಕ ಬದಲಾಗಿ, ನ್ಯಾಯಾಲಯದಲ್ಲಿ ಆರೋಪಿ ಪರ ವಕೀಲರಿಗೆ ಹಬ್ಬ.

ಈ ವಿಷಯದಲ್ಲಿ 2021ರ ಮಾರ್ಚ್‌ನ ಕರ್ನಾಟಕ ಹೈಕೋರ್ಟ್ ತೀರ್ಪೊಂದು ದೇಶದ ಗಮನ ಸೆಳೆಯಿತು. ಮಾದಕ ವಸ್ತು ಪ್ರಕರಣವೊಂದರಲ್ಲಿ ಆರೋಪಿ ತನ್ನ ಫೋನಿನ ಪಾಸ್‌ವರ್ಡ್ ಕೊಡಬೇಕೇ ಎಂಬ ಪ್ರಶ್ನೆ ಎದ್ದಿತ್ತು. ಪಾಸ್‌ವರ್ಡ್ ಕೊಡುವುದಷ್ಟೇ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ, ಆದರೆ ಸಾಧನವನ್ನು ಶೋಧಿಸಲು ನ್ಯಾಯಾಲಯದ ವಾರಂಟ್ ಬೇಕು ಎಂದಿತು ಪೀಠ. ಜಪ್ತಿ ಹೇಗೆ ಮಾಡಬೇಕೆಂಬುದಕ್ಕೂ ಸೂತ್ರಗಳನ್ನು ಕೊಟ್ಟಿತು. ತಜ್ಞರು ಜೊತೆಗಿರಲಿ, ತಂತಿ ಜೋಡಣೆಗಳ ಫೋಟೊ ತೆಗೆಯಿರಿ, ಆಫ್ ಆಗಿರುವ ಕಂಪ್ಯೂಟರ್ ಆನ್ ಮಾಡಬೇಡಿ, ಫೋನನ್ನು ಸಿಗ್ನಲ್ ತಡೆಯುವ ಫ್ಯಾರಡೆ ಚೀಲದಲ್ಲಿಡಿ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಇನ್ನೊಂದು ಹೆಜ್ಜೆ ಮುಂದಿಟ್ಟಿದೆ. ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಎರಡು ಭಾಗದ ಪ್ರಮಾಣಪತ್ರ ಬೇಕು. ಒಂದಕ್ಕೆ ದಾಖಲೆ ಒದಗಿಸಿದವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಕಡತದ ಒಂದು ಅಕ್ಷರ ಬದಲಾದರೂ ಈ ಮೌಲ್ಯ ಪೂರ್ತಿ ಬದಲಾಗುತ್ತದೆ. ನ್ಯಾಯದ ದೃಷ್ಟಿಯಿಂದ ಇದು ಸರಿ. ಆದರೆ ಒಂದು ವಂಚನೆ ಪ್ರಕರಣದಲ್ಲಿ ಹತ್ತಾರು ಬ್ಯಾಂಕು, ಮೊಬೈಲ್ ಕಂಪನಿ, ಆ್ಯಪ್‌ಗಳ ದಾಖಲೆಗಳಿರುತ್ತವೆ. ಎಲ್ಲರಿಂದಲೂ ಈ ಪತ್ರ ತರಿಸುವುದೇ ಒಂದು ಯಜ್ಞ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಂ ಪ್ರಕಾರ ಇಂಥ ಪ್ರಕರಣವನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ದೂರುಗಳು ಸಾವಿರ, ಇನ್‌ಸ್ಪೆಕ್ಟರ್‌ಗಳು ಬೆರಳೆಣಿಕೆ.

ಸಾಕ್ಷ್ಯ ವಿದೇಶದಲ್ಲಿದ್ದರೆ ಪರಸ್ಪರ ಕಾನೂನು ನೆರವು ಒಪ್ಪಂದದ ಹಾದಿ. ಠಾಣೆಯಿಂದ ಹೊರಟ ಕೋರಿಕೆ ರಾಜ್ಯ, ದೆಹಲಿ, ಆ ದೇಶದ ಸಚಿವಾಲಯ, ಅಲ್ಲಿನ ನ್ಯಾಯಾಲಯ ಇವನ್ನೆಲ್ಲ ಸುತ್ತಿ ಬರುವ ಹೊತ್ತಿಗೆ ಲಾಗ್‌ಗಳು ಅಳಿಸಿಹೋಗಿರಬಹುದು. ಸೈಬರ್ ಅಪರಾಧ ಕುರಿತ 2001ರ ಬುಡಾಪೆಸ್ಟ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ವಿಶ್ವಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ ಸೈಬರ್ ಅಪರಾಧ ಒಡಂಬಡಿಕೆಯ ಫಲ ಸಿಗಲು ಇನ್ನೂ ಕಾಲ ಬೇಕು.

ಹುಲ್ಲಿನ ಜೊತೆ ಪೈರೂ

ವೇಗಕ್ಕೆ ವೇಗವೇ ಮದ್ದೆಂದು ಹೊರಟರೆ ಇನ್ನೊಂದು ಅಪಾಯವಿದೆ. ವಂಚನೆಯ ಹಣದ ಒಂದು ಚೂರು ಯಾವುದೋ ಕಿರಾಣಿ ಅಂಗಡಿಯ ಕ್ಯುಆರ್ ಕೋಡ್‌ಗೆ ಬಿದ್ದಿತೆನ್ನಿ. ಕಳ್ಳ ಅಲ್ಲಿ ಬೀಡಿ, ಬಿಸ್ಕತ್ತು ಕೊಂಡಿರಬಹುದು. ಮಾರನೆಯ ದಿನ ಅಂಗಡಿಯವನ ಇಡೀ ಖಾತೆ ಸ್ಥಗಿತ. ತಡೆ ಹಾಕಿಸಿದ ಠಾಣೆ ಸಾವಿರ ಕಿಲೋಮೀಟರ್ ದೂರದ ರಾಜ್ಯದ್ದು. ಫೋನ್ ಮಾಡಿದರೆ ‘ಬಂದು ಹೇಳಿಕೆ ಕೊಡಿ’ ಎಂಬ ಉತ್ತರ. ನೂರಿನ್ನೂರು ರೂಪಾಯಿಗೆ ಇಡೀ ಖಾತೆಗೆ ಬೀಗ ಹಾಕುವುದು ತನಿಖೆ ಅನ್ನಿಸಿಕೊಳ್ಳದು. ಅನುಮಾನದ ಮೊತ್ತವನ್ನಷ್ಟೇ ಹಿಡಿದಿಡುವ ಶಿಸ್ತು ಎಲ್ಲ ಠಾಣೆಗಳಿಗೂ ಬರಬೇಕು.

ಖಾಸಗಿತನದ ಪ್ರಶ್ನೆಯೂ ಹಾಗೆಯೇ. ವಾಟ್ಸ್‌ಆ್ಯಪ್‌ನ ಗೂಢಲಿಪಿ ವಂಚಕರಿಗೆ ಗುರಾಣಿ ಎಂಬುದು ನಿಜ. ಅದೇ ಗುರಾಣಿ ಪತ್ರಕರ್ತರಿಗೆ, ವಕೀಲರಿಗೆ, ಗಂಡನ ಹಿಂಸೆಯಿಂದ ಓಡಿಬಂದ ಹೆಂಗಸಿಗೆ ರಕ್ಷಣೆ ಎಂಬುದೂ ನಿಜ. ಸಂದೇಶದ ಮೂಲ ಹುಡುಕಿಕೊಡಬೇಕೆಂಬ 2021ರ ನಿಯಮಗಳ ವಿರುದ್ಧ ಆ ಕಂಪನಿ ದೆಹಲಿ ಹೈಕೋರ್ಟ್‌ಗೆ ಹೋಗಿದೆ. ಗೂಢಲಿಪಿ ಮುರಿಯಬೇಕಾದರೆ ಭಾರತ ಬಿಡುತ್ತೇವೆ ಎಂದು 2024ರಲ್ಲಿ ಹೇಳಿಯೂ ಆಗಿದೆ. ಅಕ್ರಮ ಮಾಹಿತಿ ತೆಗೆಸಲು ಸರ್ಕಾರ ರೂಪಿಸಿದ ‘ಸಹಯೋಗ್’ ಪೋರ್ಟಲ್ ಪ್ರಶ್ನಿಸಿದ ಎಕ್ಸ್ ಕಂಪನಿಯ ಅರ್ಜಿಯನ್ನು 2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವಜಾ ಮಾಡಿತು. ಈ ಜಗ್ಗಾಟ ಬೇಗ ಮುಗಿಯುವಂಥದ್ದಲ್ಲ. ಎಲ್ಲರ ಮನೆಯ ಬೀಗದ ಕೈ ಠಾಣೆಯಲ್ಲಿದ್ದರೆ ಕಳ್ಳ ಸಿಗಬಹುದು, ಆದರೆ ಆ ಊರಿನಲ್ಲಿ ಯಾರು ನೆಮ್ಮದಿಯಾಗಿ ಮಲಗುತ್ತಾರೆ?

ಹಣ ಹೋಯಿತೆ? ಮೊದಲ ಗಂಟೆಯ ಕೆಲಸ

● ತಕ್ಷಣ 1930ಕ್ಕೆ ಕರೆ ಮಾಡಿ. ಸಂಪರ್ಕ ಸಿಗದಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ನಿಮ್ಮ ಬ್ಯಾಂಕಿಗೂ ತಿಳಿಸಿ.
● ವಹಿವಾಟಿನ ಯುಟಿಆರ್ ಸಂಖ್ಯೆ, ಮೊತ್ತ, ಸಮಯ, ಹಣ ಹೋದ ಖಾತೆ ಅಥವಾ ಯುಪಿಐ ಐಡಿ ಕೈಯಲ್ಲಿರಲಿ. ಹಣದ ಬೆನ್ನಟ್ಟಲು ಇವೇ ಆಧಾರ.
● ಚಾಟ್ ಅಳಿಸಬೇಡಿ, ಫೋನ್ ಫಾರ್ಮ್ಯಾಟ್ ಮಾಡಬೇಡಿ. ಸ್ಕ್ರೀನ್‌ಶಾಟ್ ಸಾಲದು, ಮೂಲ ಸಂದೇಶವೂ ಉಳಿಯಬೇಕು.
● ವಂಚಕರು ಕಳಿಸಿದ ಎಪಿಕೆ (ಆ್ಯಪ್) ಕಡತ ಇಳಿಸಿಕೊಂಡಿದ್ದರೆ ಇಂಟರ್ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ.
● ‘ಹೋದ ಹಣ ವಾಪಸ್ ಕೊಡಿಸುತ್ತೇವೆ’ ಎಂದು ಶುಲ್ಕ ಕೇಳುವವರು ಎರಡನೇ ಸುತ್ತಿನ ವಂಚಕರು.

ನೆಲಕ್ಕೆ ತಾಗುವ ಜಾಗಗಳು

ದೇಶದ ಮೊದಲ ಸೈಬರ್ ಅಪರಾಧ ಠಾಣೆ ಶುರುವಾದದ್ದು ಬೆಂಗಳೂರಿನಲ್ಲಿ, 2001ರಲ್ಲಿ. ಸಿಐಡಿ ಆಶ್ರಯದಲ್ಲಿ ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ ಬೆಳೆದ ತರಬೇತಿ ಕೇಂದ್ರದಲ್ಲಿ ಪೊಲೀಸರಷ್ಟೇ ಅಲ್ಲ, ನ್ಯಾಯಾಧೀಶರು, ಅಭಿಯೋಜಕರೂ ಪಾಠ ಕೇಳಿದ್ದಾರೆ. ಜಿಲ್ಲೆಗೊಂದು ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆ ಬಂತು. 2025ರಲ್ಲಿ ಪ್ರತ್ಯೇಕ ಸೈಬರ್ ಕಮಾಂಡ್ ಘಟಕವೂ ರಚನೆಯಾಯಿತು. ಅದೇ ವರ್ಷ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ವಹಿಸಿತು. ರಾಜ್ಯ ರಾಜ್ಯಗಳ ನಡುವೆ ಹಂಚಿಹೋದ ಅಪರಾಧವನ್ನು ಒಂದೇ ಕಡತದಲ್ಲಿ ನೋಡಬೇಕೆಂಬ ಮಾತಿಗೆ ಕೊನೆಗೂ ಮನ್ನಣೆ ಸಿಕ್ಕಿತು.

ಆದರೆ ಮ್ಯಾವಡ್ಡಿಯ ಗೋಡೆಯನ್ನು ಬೆಂಗಳೂರಿನ ಇನ್‌ಸ್ಪೆಕ್ಟರ್ ಒಡೆಯಲಾರರು. ಅವರ ಕೈಗೆ ಎಟಕುವ ಜಾಗಗಳು ಬೇರೆ ಇವೆ. ಯಾವ ಆನ್‌ಲೈನ್ ವಂಚನೆಯೂ ಪೂರ್ತಿ ಗಾಳಿಯಲ್ಲಿ ನಡೆಯುವುದಿಲ್ಲ. ಅದಕ್ಕೊಂದು ಸಿಮ್ ಬೇಕು, ಅದನ್ನು ಯಾವುದೋ ಅಂಗಡಿ ಮಾರಿರುತ್ತದೆ. ಒಂದು ಖಾತೆ ಬೇಕು, ಅದನ್ನು ಯಾವುದೋ ಶಾಖೆ ತೆರೆದಿರುತ್ತದೆ. ಸಿಮ್ ಬಾಕ್ಸ್ ಇಡಲು ಬಾಡಿಗೆ ಕೋಣೆ ಬೇಕು, ನಗದು ತೆಗೆಯಲು ಎಟಿಎಂ ಮುಂದೆ ನಿಲ್ಲುವ ಮನುಷ್ಯ ಬೇಕು. ಇವೆಲ್ಲ ನಮ್ಮ ನೆಲದ ಮೇಲೇ ಇವೆ, ನಮ್ಮ ಕಾನೂನಿನ ಅಳತೆಯಲ್ಲೇ ಇವೆ.

ಅಸ್ತ್ರಗಳೂ ಇವೆ. ಮೋಸದಿಂದ ಸಿಮ್ ಪಡೆದರೆ 2023ರ ದೂರಸಂಪರ್ಕ ಕಾಯ್ದೆಯಡಿ ಮೂರು ವರ್ಷದವರೆಗೆ ಸಜೆ, ಇಲ್ಲವೇ 50 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಂ ಸೈಬರ್ ಅಪರಾಧವನ್ನು ಸಂಘಟಿತ ಅಪರಾಧದ ಪಟ್ಟಿಗೆ ಸೇರಿಸಿದೆ. ಮ್ಯೂಲ್ ಖಾತೆಗಳನ್ನು ವಹಿವಾಟಿನ ಚಹರೆಯಿಂದಲೇ ಗುರುತಿಸುವ ‘ಮ್ಯೂಲ್‌ಹಂಟರ್’ ಎಂಬ ತಂತ್ರಾಂಶವನ್ನು ರಿಸರ್ವ್ ಬ್ಯಾಂಕಿನ ನಾವೀನ್ಯ ಕೇಂದ್ರ ಇದೇ ಬೆಂಗಳೂರಿನಲ್ಲಿ ರೂಪಿಸಿದೆ. ಬೇಕಿರುವುದು ಹೊಣೆ ಹೊರಿಸುವ ಮನಸ್ಸು. ನಿನ್ನೆ ತೆರೆದ ಖಾತೆಗೆ ಇಂದು ಕೋಟಿ ಬಂದು ಹತ್ತು ನಿಮಿಷದಲ್ಲಿ ಬರಿದಾದರೂ ಶಾಖೆಗೆ ಏನೂ ಅನ್ನಿಸದಿದ್ದರೆ, ನಷ್ಟದ ಒಂದು ಪಾಲನ್ನು ಆ ಬ್ಯಾಂಕೇ ಏಕೆ ಭರಿಸಬಾರದು? ಹಾಗೊಂದು ನಿಯಮ ಬಂದ ದಿನ ಮ್ಯೂಲ್ ಖಾತೆಯ ಬೆಲೆ ಗಗನಕ್ಕೇರುತ್ತದೆ. ವಂಚನೆಯೂ ಒಂದು ವ್ಯಾಪಾರವೇ. ಖರ್ಚು ಹೆಚ್ಚಿದರೆ, ಲಾಭ ಕುಗ್ಗಿದರೆ, ಯಾವ ವ್ಯಾಪಾರವಾದರೂ ಅಂಗಡಿ ಮುಚ್ಚಲೇಬೇಕು.